ಮರಿ ಬುಕ್ ಮಾಡುವ ಮುಂಚೆ: ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಬಂಧುಗಳೇ,

ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಈಚೆಗೆ ಒಂದು ಮಾತು ಕಿವಿಗೆ ಬೀಳುತ್ತದೆ. ಮನೆ ಆಯಿತು, ಮಕ್ಕಳು ಒಂದು ಹಂತಕ್ಕೆ ಬಂದರು, ಈಗ ನಾಯಿ ಬೇಕಂತೆ. ಕ್ಯಾವೂಡಲ್ಲೋ ಲ್ಯಾಬ್ರಡೂಡಲ್ಲೋ ಒಂದು ಮರಿಗೆ ಸಾವಿರಾರು ಡಾಲರ್ ಮಾತಾಡಿ, ಮುಂಗಡ ಕೊಟ್ಟು, ಹೆಸರು ಬರೆಸಿ ಕಾಯುತ್ತಿದ್ದಾರಂತೆ. ನಾಯಿ ಸಾಕಬೇಡಿ ಎನ್ನಲು ನಾನು ಬರೆಯುತ್ತಿಲ್ಲ. ಖಂಡಿತ ಸಾಕಿ. ಆದರೆ ಮುಂಗಡ ಕೊಡುವ ಮುಂಚೆ ಒಂದು ಶನಿವಾರ ಬಿಡುವು ಮಾಡಿಕೊಂಡು ಗ್ರೇಹೌಂಡ್, ಅಂದರೆ ರೇಸಿನಲ್ಲಿ ಓಡಿಸುವ ತಳಿಯ ನಾಯಿಗಳ, ದತ್ತು ಕೇಂದ್ರಕ್ಕೆ ಹೋಗಿಬನ್ನಿ. ಹೋದಾಗ ಎರಡು ವರ್ಷದ, ಬಾಲ ಬಡಿಯುತ್ತ ಮೈಮೇಲೆ ಬರುವ ನಾಯಿಯನ್ನು ದಾಟಿ, ಮೂಲೆಯಲ್ಲಿ ಮಲಗಿ ತಲೆಯನ್ನಷ್ಟೇ ಎತ್ತಿ ನೋಡುವ ಎಂಟೊಂಬತ್ತು ವರ್ಷದ್ದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ನನ್ನ ಕೇಳಿಕೆ ಅಷ್ಟೇ. ಇನ್ನುಳಿದದ್ದು ಅದಕ್ಕೆ ಕಾರಣ.

ನಾಯಿ ರೇಸು ನಮ್ಮಲ್ಲಿ ಬಹಳ ಜನಕ್ಕೆ ಕಾಣದ ಲೋಕ. ಮೆಲ್ಬರ್ನಿನಲ್ಲಿ ಸ್ಪ್ರಿಂಗ್‌ವೇಲ್ ಕಡೆ ತರಕಾರಿಗೆ ಹೋಗುವವರು ಸ್ಯಾಂಡೌನ್ ಪಾರ್ಕ್ ಪಕ್ಕದಲ್ಲೇ ಹಾದುಹೋಗಿರುತ್ತೀರಿ, ಒಳಗೆ ಏನು ನಡೆಯುತ್ತದೆಂದು ನೋಡಿರುವುದಿಲ್ಲ. ಎಂಟು ಪೆಟ್ಟಿಗೆ, ಎಂಟು ನಾಯಿ. ಒಂದನೆಯದಕ್ಕೆ ಕೆಂಪು ಅಂಗಿ, ಎಂಟನೆಯದಕ್ಕೆ ಗುಲಾಬಿ. ನಾಯಿಗಳು ಬೆನ್ನಟ್ಟಲೆಂದು ಹಳಿಯ ಮೇಲೆ ಯಂತ್ರದ ಬೇಟೆ ಸರ್ರನೆ ಹೋಗುತ್ತದೆ, ಬಾಗಿಲು ತೆರೆಯುತ್ತದೆ, 515 ಮೀಟರ್ ಓಟ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಗಂಟೆಗೆ 60ರಿಂದ 70 ಕಿಲೋಮೀಟರ್ ವೇಗದಲ್ಲಿ ಎಂಟು ಮೈಗಳು ಮೊದಲ ತಿರುವಿಗೆ ಒಟ್ಟಿಗೇ ನುಗ್ಗುವಾಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಓಟ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಹೊರಬದಿಯ ಭಾರವೆಲ್ಲ ಬಲ ಹಿಂಗಾಲಿನ ಮೇಲೆ. ಆ ಕಾಲಿನ ಹಿಮ್ಮಡಿ ಕೀಲಿನ ಒಂದು ಸಣ್ಣ ಮೂಳೆ ಮುರಿಯುವುದು ಈ ನಾಯಿಗಳ ಕಸುಬಿನ ರೋಗ. ಒಂದೂವರೆ ವರ್ಷಕ್ಕೆ ಓಟಕ್ಕೆ ಬಂದ ನಾಯಿ ನಾಲ್ಕೈದಕ್ಕೆ ನಿವೃತ್ತ. ಬಹಳಷ್ಟು ಅದಕ್ಕೂ ಮುಂಚೆಯೇ, ಸಾಕಷ್ಟು ಜೋರಾಗಿ ಓಡಲಿಲ್ಲ ಎಂಬ ಒಂದೇ ತಪ್ಪಿಗೆ.

ಆಮೇಲೆ ಏನಾಗುತ್ತಿತ್ತು ಎಂಬುದು 2015ರ ತನಕ ಹೊರಗಿನವರು ಕೇಳದ ಪ್ರಶ್ನೆ. ಆ ವರ್ಷ ಎಬಿಸಿ ವಾಹಿನಿಯ ತನಿಖಾ ವರದಿ, ತರಬೇತಿಗೆಂದು ಜೀವಂತ ಮೊಲ, ಹಂದಿಮರಿಗಳನ್ನು ಹಳಿಗೆ ಕಟ್ಟುತ್ತಿದ್ದುದನ್ನು ತೋರಿಸಿತು. ನ್ಯೂ ಸೌತ್ ವೇಲ್ಸ್ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಮೈಕಲ್ ಮೆಕ್‌ಹ್ಯೂ ಅವರ ಆಯೋಗ ನೇಮಿಸಿತು. ಹನ್ನೆರಡು ವರ್ಷಗಳಲ್ಲಿ ಆ ಒಂದು ರಾಜ್ಯದಲ್ಲೇ ಕೊಂದ ಗ್ರೇಹೌಂಡ್‌ಗಳ ಸಂಖ್ಯೆ 48 ಸಾವಿರಕ್ಕೂ ಹೆಚ್ಚು, 68 ಸಾವಿರದವರೆಗೂ ಇರಬಹುದು ಎಂಬ ಅಂದಾಜು ಹೊರಬಿತ್ತು. 2016ರ ಜುಲೈನಲ್ಲಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಮೈಕ್ ಬೇರ್ಡ್ ಓಟವನ್ನೇ ನಿಷೇಧಿಸುವುದಾಗಿ ಹೇಳಿದರು. ಅಕ್ಟೋಬರ್‌ನಲ್ಲಿ ಹಿಂದೆ ಸರಿದರು. ರಾಜಕೀಯ ಎಲ್ಲ ಕಡೆಯೂ ರಾಜಕೀಯವೇ.

ಈಗ ಗಾಳಿ ಬದಲಾಗಿದೆ. ಕ್ಯಾನ್‌ಬೆರಾ ಇರುವ ಎಸಿಟಿಯಲ್ಲಿ 2018ರಲ್ಲೇ ನಿಷೇಧವಾಯಿತು. ಅಮೆರಿಕದ ಫ್ಲೋರಿಡಾದ ಮತದಾರರು ಅದೇ ವರ್ಷ ಬೇಡವೆಂದರು. 2024ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡಿನ ರೇಸಿಂಗ್ ಸಚಿವ ವಿನ್‌ಸ್ಟನ್ ಪೀಟರ್ಸ್, 2026ರ ಜುಲೈ ಕೊನೆಯೊಳಗೆ ಓಟ ನಿಲ್ಲಿಸುವುದಾಗಿ ಪ್ರಕಟಿಸಿದರು. ಓಟ ಮುಗಿಯುವುದಾದರೆ ನಾಯಿ ಯಾಕೆ ಎಂದು ಯಾರಾದರೂ ಕೊಂದುಬಿಟ್ಟಾರು ಎಂಬ ಭಯಕ್ಕೆ, ಅಕಾರಣವಾಗಿ ಕೊಲ್ಲಬಾರದೆಂಬ ಕಾನೂನನ್ನೂ ತರಾತುರಿಯಲ್ಲಿ ಪಾಸು ಮಾಡಿದರು. ಆಗ ಮನೆ ಹುಡುಕಬೇಕಾಗಿದ್ದ ನಾಯಿಗಳು ಸುಮಾರು 2,900. ಟ್ಯಾಸ್ಮೇನಿಯಾ 2029ರ ಗಡುವು ಹಾಕಿಕೊಂಡಿದೆ. ಇದು ಸಂತೋಷದ ಸುದ್ದಿ. ಆದರೆ ಪ್ರತಿ ಟ್ರ್ಯಾಕ್ ಮುಚ್ಚಿದಾಗಲೂ ನಾಯಿಗಳ ದೊಡ್ಡ ಗುಂಪೊಂದು ಒಮ್ಮೆಗೇ ಹೊರಗೆ ಬರುತ್ತದೆ, ಚಿಕ್ಕವು ಮೊದಲು ಹೋಗುತ್ತವೆ, ವಯಸ್ಸಾದವು ಉಳಿಯುತ್ತವೆ.

ಓಟ ಐದಕ್ಕೆ ಮುಗಿದರೆ ಒಂಬತ್ತು ವರ್ಷದ್ದು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಕೆಲವು ಮರಿ ಹಾಕಲೆಂದೇ ಇಟ್ಟುಕೊಂಡಿದ್ದ ತಾಯಂದಿರು, ತಮ್ಮ ಜೀವಮಾನವನ್ನೆಲ್ಲ ಶೆಡ್ಡಿನಲ್ಲೇ ಕಳೆದವು. ಕೆಲವು ಪಶು ಆಸ್ಪತ್ರೆಗಳಲ್ಲಿ ರಕ್ತ ಕೊಡುತ್ತಿದ್ದವು. ಗ್ರೇಹೌಂಡ್‌ಗಳ ರಕ್ತ ಬೇರೆ ನಾಯಿಗಳಿಗೆ ಹೊಂದುವುದು ಜಾಸ್ತಿ, ಹಾಗಾಗಿ ಅವಕ್ಕೆ ಬೇಡಿಕೆ. ಇನ್ನು ಕೆಲವು ಒಮ್ಮೆ ದತ್ತು ಹೋಗಿ ತಿರುಗಿ ಬಂದವು: ಯಜಮಾನಿ ವೃದ್ಧಾಶ್ರಮ ಸೇರಿದರು, ಗಂಡ ಹೆಂಡತಿ ಬೇರೆಯಾದರು, ಬಾಡಿಗೆ ಮನೆ ಬದಲಾಯಿತು. ಈ ಮೂರನೆಯ ಗುಂಪು ನನ್ನ ಕಣ್ಣಿಗೆ ಚಿನ್ನ. ಮೆಟ್ಟಿಲು, ಗಾಜಿನ ಬಾಗಿಲು, ವ್ಯಾಕ್ಯೂಮ್ ಕ್ಲೀನರ್, ಎಲ್ಲ ಯಾರೋ ಕಲಿಸಿಟ್ಟಿರುತ್ತಾರೆ. ಶೆಡ್ಡಿನಿಂದ ನೇರ ಬಂದವಕ್ಕೆ ಮನೆ ಅನ್ನುವುದೇ ಹೊಸದು. ಗಾಜಿಗೆ ಮುಖ ಹೊಡೆದುಕೊಳ್ಳುತ್ತವೆ, ನುಣುಪು ಟೈಲ್ಸ್ ಮೇಲೆ ಹೆಜ್ಜೆ ಇಡಲಾರದೆ ಗರಬಡಿದಂತೆ ನಿಲ್ಲುತ್ತವೆ. ಹಜಾರದಿಂದ ಅಡಿಗೆಮನೆಗೆ ಒಂದು ರಬ್ಬರು ತಳದ ಚಾಪೆ ಹಾಸಿ, ಸಮಸ್ಯೆ ಮುಗಿಯಿತು.

ಎಲ್ಲರೂ ಹೇಳುವ ಮೊದಲ ನೆಪ: "ರೇಸ್ ನಾಯಿ ಸ್ವಾಮಿ, ದಿನಾ ಹತ್ತು ಕಿಲೋಮೀಟರ್ ಓಡಿಸಬೇಕಲ್ಲ?" ಬೇಡ. ಇವು ಅರ್ಧ ನಿಮಿಷದ ಓಟಗಾರರು, ದೂರದ ಓಟದವರಲ್ಲ. ದಿನಕ್ಕೆ ಹದಿನಾರರಿಂದ ಹದಿನೆಂಟು ತಾಸು ನಿದ್ದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ನಡೆಸಿದರೆ ನಮ್ಮ ಮನೆಯ ಗ್ರೇಹೌಂಡ್ ರೂಬಿ ಅರ್ಧ ದಾರಿಯಲ್ಲೇ ನಿಂತು ಮನೆ ಕಡೆ ಮುಖ ಮಾಡುತ್ತಾಳೆ. ಎಳೆದರೆ ಬರುವುದಿಲ್ಲ, ಮೂವತ್ತು ಕಿಲೋ ತೂಕ ನೆಲಕ್ಕೆ ಬೇರು ಬಿಟ್ಟುಬಿಡುತ್ತದೆ. ಬೊಗಳುವುದು ತೀರಾ ಅಪರೂಪ, ಪಕ್ಕದ ಮನೆಯವರು ದೂರು ಕೊಡುವ ಪ್ರಶ್ನೆಯಿಲ್ಲ. ಕೂದಲು ಗಿಡ್ಡ, ಮೈ ವಾಸನೆ ಕಮ್ಮಿ. ಸೋಫಾದಲ್ಲಿ ಬೆನ್ನಡಿಯಾಗಿ, ನಾಲ್ಕೂ ಕಾಲು ಆಕಾಶಕ್ಕೆತ್ತಿ, ಹಲ್ಲು ಕಾಣುವಂತೆ ಬಾಯಿ ಬಿಟ್ಟು ಮಲಗಿರುತ್ತಾಳೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತೇನೋ ಎಂದು ಗಾಬರಿಯಾಗುತ್ತಾರೆ.

ಎರಡನೆಯ ನೆಪ ಊರಿಂದ ಬರುವ ಅಪ್ಪ ಅಮ್ಮ. ನನ್ನ ತಾಯಿ ಜಮಖಂಡಿಯವರು. ಬಂದ ದಿನ ಬಾಗಿಲಲ್ಲೇ ನಿಂತು, "ಇದು ನಮ್ಮ ಮುಧೋಳ ನಾಯಿ ಅಲ್ಲೇನೋ? ಇಷ್ಟ ದಪ್ಪ ಹೆಂಗಾತು?" ಎಂದರು. ದೂರದ ನೆಂಟಸ್ತಿಕೆ ಇದ್ದೇ ಇದೆ. ಎರಡೂ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ, ಎದೆ ಆಳ, ಸೊಂಟ ಹಿಡಿಯಷ್ಟು. ಮುಧೋಳದ ಮಾಲೋಜಿರಾವ್ ಘೋರ್ಪಡೆ ರಾಜರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟ ಕಥೆ, 2005ರಲ್ಲಿ ಅದರ ಅಂಚೆಚೀಟಿ ಬಂದದ್ದು, ಎಲ್ಲ ಅಮ್ಮನ ಬಾಯಲ್ಲಿ ಬಂತು. ಮೊಲ ಕಂಡರೆ ಓಡುವುದು, ಇಲ್ಲದಿದ್ದರೆ ನೆರಳಲ್ಲಿ ಬಿದ್ದಿರುವುದು ಎಂದು ಬಾಗಲಕೋಟೆ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಾರದೊಳಗೆ ಅವಳು ರೂಬವ್ವ ಆದಳು. ಚಿಕ್ಕ ಮರಿಯಾಗಿದ್ದರೆ ಸೀರೆ ಸೆರಗು ಹಿಡಿದು ಎಳೆಯುತ್ತಿತ್ತು, ಕಾಲಿಗೆ ಅಡ್ಡ ಬಂದು ಅಮ್ಮನನ್ನು ಕೆಡವುತ್ತಿತ್ತು. ರೂಬಿ ಅಮ್ಮನ ಮಂಡಿಗೆ ಮೈ ಆನಿಸಿ ಸುಮ್ಮನೆ ನಿಲ್ಲುತ್ತಾಳೆ. ಇಬ್ಬರಿಗೂ ಸಂಧಿವಾತ, ಇಬ್ಬರ ನಡಿಗೆಯೂ ಒಂದೇ ವೇಗ. ಎಪ್ಪತ್ತು ದಾಟಿದ ತಂದೆತಾಯಿ ಇರುವ ಮನೆಗೆ ಮರಿ ತರುವುದು ನನಗಂತೂ ವಿವೇಕ ಅನ್ನಿಸುವುದಿಲ್ಲ.

ಅಮ್ಮಂದಿರಿಗೆ ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ ಇನ್ನೂ ಕೆಟ್ಟದ್ದು, ಕಿಡ್ನಿಗೇ ಹೊಡೆತ. ಹಾಗಾಗಿ ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಪ್ರೀತಿಯಿಂದ ಕೊಟ್ಟರೂ ಅಪಾಯ. ಒಗ್ಗರಣೆ ಹಾಕದ ಮೊಸರನ್ನ ಎರಡು ತುತ್ತು ಪರವಾಗಿಲ್ಲ. ನಮ್ಮದು ಮಾಂಸ ಬೇಯಿಸದ ಮನೆ. ನಾಯಿಯ ಡಬ್ಬಿ, ಬಟ್ಟಲು ಗ್ಯಾರೇಜಿನಲ್ಲಿವೆ, ಅಲ್ಲೇ ಹಾಕುತ್ತೇವೆ. ನಾಯಿಗೂ ನಮ್ಮ ಆಹಾರದ ವ್ರತ ಹೊರಿಸಬೇಕೆನ್ನುವವರು ದಯವಿಟ್ಟು ನಾಯಿ ತರಬೇಡಿ.

ಆರೋಗ್ಯದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಇಲ್ಲಿಯೇ ಜನ ಹೆದರುವುದು, ಇಲ್ಲಿಯೇ ತಿಳಿವಳಿಕೆ ದುಡ್ಡು ಉಳಿಸುವುದು. ಗ್ರೇಹೌಂಡ್‌ನ ರಕ್ತದ ರಿಪೋರ್ಟು ಬೇರೆ ನಾಯಿಗಳ ಹಾಗಿರುವುದಿಲ್ಲ. ಕೆಂಪು ರಕ್ತಕಣಗಳ ಪ್ರಮಾಣ ಸಹಜವಾಗಿಯೇ ಹೆಚ್ಚು, ಸಾಮಾನ್ಯವಾಗಿ ಶೇಕಡಾ 50ಕ್ಕಿಂತ ಮೇಲೆ. ಬೇರೆ ನಾಯಿಗೆ ನಾರ್ಮಲ್ ಎನ್ನುವ 40 ಇದರಲ್ಲಿ ರಕ್ತಹೀನತೆಯ ಸುಳಿವಾಗಿರಬಹುದು. ಥೈರಾಯ್ಡ್ ಅಂಕಿ ಸಹಜವಾಗಿಯೇ ಕಡಿಮೆ, ಅದನ್ನು ನೋಡಿ ಜೀವಮಾನದ ಮಾತ್ರೆ ಶುರುಮಾಡಿಬಿಡುವುದುಂಟು. ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಸ್ವಲ್ಪ ಮೇಲಿರುವುದೂ ಸಹಜ, ಸ್ನಾಯು ಜಾಸ್ತಿ ಇರುವುದೇ ಅದಕ್ಕೆ ಕಾರಣ. ವಯಸ್ಸಾದ ನಾಯಿ, ಕಿಡ್ನಿ ಹೋಗಿದೆ ಎಂದು ತೀರ್ಮಾನಿಸುವ ಮುಂಚೆ ಇದು ಗೊತ್ತಿರಬೇಕು. ಹಳೆಯ ಕಾಲದ ಥಯೋಪೆಂಟಲ್‌ನಂಥ ಅರಿವಳಿಕೆ ಇವುಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಈಗ ಬೇರೆ ಔಷಧಿಗಳಿವೆ. ಆಪರೇಷನ್ ಆದ ಒಂದೆರಡು ದಿನದ ಮೇಲೆ ಕೆಲವಕ್ಕೆ ರಕ್ತ ಜಿನುಗುವುದುಂಟು, ಅದಕ್ಕೂ ಮುಂಜಾಗ್ರತೆಯ ಮದ್ದಿದೆ. ಒಟ್ಟಿನಲ್ಲಿ ಗ್ರೇಹೌಂಡ್‌ಗಳನ್ನು ನೋಡಿ ಪಳಗಿದ ವೆಟ್ (ಪಶುವೈದ್ಯರು) ಹುಡುಕಿಕೊಳ್ಳಿ. ದತ್ತು ಕೇಂದ್ರದವರನ್ನೇ ಕೇಳಿದರೆ ನಿಮ್ಮ ಬಡಾವಣೆಯ ಹತ್ತಿರ ಯಾರಿದ್ದಾರೆಂದು ಹೇಳುತ್ತಾರೆ.

ಇನ್ನು ಪಾದದ ಆಣಿ. ಬೇರೆ ತಳಿಗಳಲ್ಲಿ ಅಪರೂಪ, ಇವಕ್ಕೆ ಮಾಮೂಲು. ನಾಯಿ ಹುಲ್ಲಿನ ಮೇಲೆ ಚೆನ್ನಾಗಿ ನಡೆದು, ಡಾಂಬರು ಬಂದ ಕೂಡಲೇ ಕುಂಟಿದರೆ ಮೊದಲು ಪಾದ ತಿರುಗಿಸಿ ನೋಡಿ. ಬೆರಳಿನ ಮೆತ್ತೆಯ ನಡುವೆ ಗುಂಡಗೆ, ಬೂದು ಬಣ್ಣದ, ಕಡಲೆಬೇಳೆ ಗಾತ್ರದ ಗಟ್ಟಿ ಚುಕ್ಕೆ ಸಿಗುತ್ತದೆ. ಸ್ನಾನ ಮಾಡಿಸಿ ಮೆತ್ತಗಾದ ಮೇಲೆ ವೆಟ್ ನರ್ಸ್ ಸಣ್ಣ ಸಲಕರಣೆಯಿಂದ ಅದನ್ನು ಕೆತ್ತಿ ತೆಗೆಯುತ್ತಾರೆ, ನೋವಾಗುವುದಿಲ್ಲ, ಆದರೆ ಕೆಲವು ವಾರಕ್ಕೆ ಮತ್ತೆ ಬೆಳೆಯುತ್ತದೆ. ರೂಬಿಯ ಎಡ ಮುಂಗಾಲಿನಲ್ಲಿ ಒಂದಿದೆ. ಹಾಗಾಗಿ ನಮ್ಮ ದಾರಿ ಈಗ ಪಾರ್ಕಿನ ಅಂಚಿನ ಹುಲ್ಲಿನ ಮೇಲೆಯೇ. ಆದರೆ ಹುಲ್ಲಿನ ಮೇಲೂ ಕುಂಟು ಹೋಗದಿದ್ದರೆ, ದಿನದಿಂದ ದಿನಕ್ಕೆ ಹೆಚ್ಚಾದರೆ, ತಡಮಾಡದೆ ಎಕ್ಸ್‌ರೇ ತೆಗೆಸಿ. ಎಲುಬಿನ ಕ್ಯಾನ್ಸರ್ ಈ ತಳಿಯ ದೊಡ್ಡ ಶತ್ರು, ಅದನ್ನು ಮುಚ್ಚಿಟ್ಟು ನಿಮ್ಮನ್ನು ಒಪ್ಪಿಸುವುದು ನನಗೆ ಬೇಕಿಲ್ಲ.

ಹಲ್ಲು ಸಾಮಾನ್ಯವಾಗಿ ಹಾಳಾಗಿರುತ್ತವೆ, ಶೆಡ್ಡುಗಳಲ್ಲಿ ಮೆತ್ತನೆಯ ಗಂಜಿಯಂಥ ಆಹಾರ ತಿಂದು ಬೆಳೆದವು. ದತ್ತು ಕೊಡುವ ಮುಂಚೆ ಕೇಂದ್ರದವರೇ ಹಲ್ಲಿನ ಕೆಲಸ ಮಾಡಿಸಿದ್ದಾರಾ ಕೇಳಿ. ಕೀಲುನೋವಿಗೆ ಮಾತ್ರೆ ಇದೆ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಬಂದಿದೆ. ವಿಮೆ ನೆಚ್ಚಿಕೊಳ್ಳಬೇಡಿ. ಒಂಬತ್ತರ ಆಸುಪಾಸಿನ ನಾಯಿಗೆ ಹೊಸದಾಗಿ ಕಾಯಿಲೆ ವಿಮೆ ಕೊಡುವ ಕಂಪನಿಗಳು ಕಡಿಮೆ. ಮರಿಗೆ ಕೊಡಬೇಕಿದ್ದ ಆ ಸಾವಿರಾರು ಡಾಲರನ್ನು ಬೇರೆ ಖಾತೆಯಲ್ಲಿಟ್ಟು ಅದರಿಂದಲೇ ವೆಟ್ ಬಿಲ್ ಕಟ್ಟಿ ಎನ್ನುವುದು ನನ್ನ ಸಲಹೆ. ಚಳಿಗೆ ಕೋಟು ಬೇಕೇ ಬೇಕು. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಮೆಲ್ಬರ್ನಿನ ಜುಲೈಯಲ್ಲಿ ಹೊರಗೆ ಮಲಗಿಸುವ ನಾಯಿ ಇದಲ್ಲ.

"ಬಂದು ಎರಡು ಮೂರು ವರ್ಷಕ್ಕೆ ಹೋಗಿಬಿಟ್ಟರೆ ಮಕ್ಕಳು ತಡೆದುಕೊಳ್ಳಲ್ಲ" ಎಂಬುದು ಮೂರನೆಯ ಮಾತು, ಮತ್ತು ಇದೊಂದು ನೆಪ ಅಲ್ಲ. ಗ್ರೇಹೌಂಡ್ ಬದುಕುವುದು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ, ಲೆಕ್ಕ ನಿಮಗೇ ಗೊತ್ತು. ನನಗೆ ಅನ್ನಿಸುವುದು ಹೀಗೆ: ನಮ್ಮ ಮಕ್ಕಳು ಅಜ್ಜ ಅಜ್ಜಿಯ ಸಾವನ್ನು ಬಹುಪಾಲು ವಾಟ್ಸಾಪ್ ಕರೆಯಲ್ಲಿ ಕೇಳಿ ತಿಳಿದವರು. ಟಿಕೆಟ್ ಸಿಕ್ಕಿ ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮುಪ್ಪು ಎಂದರೆ ಏನು, ಅದರ ಪಕ್ಕದಲ್ಲಿ ಹೇಗೆ ಕೂರಬೇಕು ಎಂಬುದನ್ನು ಅವರು ಮನೆಯೊಳಗೆ ನೋಡಿಯೇ ಇಲ್ಲ. ಹದಿಮೂರರ ನನ್ನ ಮಗ ರೂಬಿಯ ಔಷಧಿಯ ಚೀಟಿ ತಾನೇ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾನೆ. ಯಾರೂ ಹೇಳಿರಲಿಲ್ಲ. ಮಕ್ಕಳು ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲಾರದವರು ನಾವು.

ಬಾಡಿಗೆ ಮನೆಯವರಿಗೂ ದಾರಿ ಇದೆ. ವಿಕ್ಟೋರಿಯಾದಲ್ಲಿ 2020ರ ಮಾರ್ಚ್‌ನಿಂದ ಮನೆ ಮಾಲೀಕರು ಸುಮ್ಮಸುಮ್ಮನೆ ನಾಯಿ ಬೇಡ ಎನ್ನುವಂತಿಲ್ಲ. ನೀವು ಲಿಖಿತ ಅರ್ಜಿ ಕೊಟ್ಟು 14 ದಿನದೊಳಗೆ ಅವರು ವಿಕ್ಯಾಟ್ ನ್ಯಾಯಮಂಡಳಿಗೆ ಹೋಗದಿದ್ದರೆ ಒಪ್ಪಿದಂತೆಯೇ. 2019ರ ಜನವರಿಯಿಂದ ಇಲ್ಲಿ ಸಾಕುವ ಗ್ರೇಹೌಂಡ್‌ಗಳಿಗೆ ಬೀದಿಯಲ್ಲಿ ಬಾಯಿಗೆ ಕುಕ್ಕೆ ಹಾಕಲೇಬೇಕೆಂಬ ನಿಯಮವೂ ಹೋಗಿದೆ. ಹಗ್ಗ ಮಾತ್ರ ಯಾವಾಗಲೂ ಕೈಯಲ್ಲಿರಬೇಕು. ಅದು ಕಾನೂನಿಗಷ್ಟೇ ಅಲ್ಲ. ದೂರದಲ್ಲಿ ಮೊಲ ಕಂಡರೆ ಒಂಬತ್ತು ವರ್ಷದ ಅಜ್ಜಿಯೂ ನಾಲ್ಕು ನೆಗೆತಕ್ಕೆ ಕಣ್ಮರೆ. ರಸ್ತೆ, ಕಾರು ಯಾವುದೂ ಕಾಣಿಸುವುದಿಲ್ಲ. ತಲೆಗಿಂತ ಕತ್ತು ದಪ್ಪ, ಮಾಮೂಲಿ ಕೊರಳಪಟ್ಟಿ ಜಾರಿ ಬರುತ್ತದೆ. ಎಳೆದರೆ ಬಿಗಿಯಾಗುವ ಅಗಲ ಮಾರ್ಟಿಂಗೇಲ್ ಪಟ್ಟಿಯನ್ನೇ ಹಾಕಿ.

ಯಾರು ತರಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಬೆಕ್ಕು, ಕೋಳಿ ಇದ್ದವರು ಪರೀಕ್ಷಿಸಿದ ನಾಯಿಯನ್ನೇ ಕೇಳಿ, ಸಿಗದಿದ್ದರೆ ಬಿಡಿ. ಅಂಬೆಗಾಲಿಡುವ ಮಗು ಇದ್ದರೆ ಸ್ವಲ್ಪ ವರ್ಷ ಕಾಯಿರಿ. ಇವು ಎಷ್ಟೋ ಸಲ ಕಣ್ಣು ಅರೆತೆರೆದೇ ನಿದ್ದೆ ಮಾಡುತ್ತವೆ. ಎಚ್ಚರವಿದೆ ಎಂದುಕೊಂಡು ಮಗು ಮೈಮೇಲೆ ಬಿದ್ದರೆ ಬೆಚ್ಚಿ ಗುರ್ರೆನ್ನುತ್ತವೆ. ಶೆಡ್ಡಿನಲ್ಲಿ ಮಲಗಿದಾಗ ಯಾರೂ ಮುಟ್ಟಿದವರಿಲ್ಲ. ಮಲಗಿದ ನಾಯಿಯನ್ನು ಹೆಸರು ಹಿಡಿದು ಕರೆದು, ಎದ್ದ ಮೇಲೆ ಮುಟ್ಟಬೇಕು. ನಮ್ಮ ಮನೆಗೆ ಬಂದ ನೆಂಟರ ಮಕ್ಕಳಿಗೆ ಚಪ್ಪಲಿ ಬಿಡುವಾಗಲೇ ಈ ಪಾಠ. ಮತ್ತೆ, ಪ್ರತಿ ಡಿಸೆಂಬರ್ ಆರು ವಾರ ಊರಿಗೆ ಹೋಗುವವರು, ನಾಯಿಯನ್ನು ಎಲ್ಲಿ ಬಿಡುತ್ತೀರೆಂದು ಮೊದಲು ತೀರ್ಮಾನಿಸಿ. ವಯಸ್ಸಾದದ್ದನ್ನು ಮತ್ತೆ ಬೋರ್ಡಿಂಗ್ ಶೆಡ್ಡಿಗೆ ಹಾಕಿದರೆ ಅದಕ್ಕೆ ಹಳೆಯದೆಲ್ಲ ವಾಪಸು ಬಂದಂತೆ. ನಾವು ಮೂರು ಮನೆಯವರು ಸೇರಿ ಒಬ್ಬರ ನಾಯಿ ಒಬ್ಬರು ನೋಡಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದೇವೆ. ಸಂಘಗಳ ಪದಾಧಿಕಾರಿಗಳೇ, ಅಡುಗೆ, ಕಾರ್‌ಪೂಲ್‌ಗೆ ಗುಂಪು ಮಾಡುವ ನೀವು ಇದಕ್ಕೂ ಒಂದು ಗುಂಪು ಮಾಡಿಕೊಟ್ಟರೆ ನಿಜವಾಗಿ ಉಪಕಾರ. ಬರುವ ರಾಜ್ಯೋತ್ಸವಕ್ಕೆ ಸಭಾಂಗಣದ ಹೊರಗೆ ದತ್ತು ಕೇಂದ್ರದವರಿಗೆ ಒಂದು ಮೇಜು ಕೊಡಿ.

ನಾಯಿ ರೇಸಿನ ಉದ್ಯಮವೇ ನಡೆಸುವ ಕೇಂದ್ರದಿಂದ ನಾಯಿ ತಂದರೆ ಜೂಜಿನವರ ಪಾಪ ತೊಳೆದಂತಾಗುವುದಿಲ್ಲವೇ ಎಂದು ಒಬ್ಬ ಸ್ನೇಹಿತರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಮನಸ್ಸೊಪ್ಪದಿದ್ದರೆ ಸ್ವಯಂಸೇವಕರು ನಡೆಸುವ ಸ್ವತಂತ್ರ ಸಂಸ್ಥೆಗಳು ಪ್ರತಿ ರಾಜ್ಯದಲ್ಲೂ ಇವೆ, ಅಲ್ಲಿಗೆ ಹೋಗಿ. ನಾನು ಮಾತ್ರ ರೇಸ್ ನಾಯಿಯ ಗುರುತಿಗೆಂದು ಕಿವಿಯೊಳಗೆ ಹಾಕುವ ಹಚ್ಚೆಯ ಅಕ್ಷರ ಯಾರು ಹಾಕಿದ್ದೆಂದು ಕೇಳಿ ನಾಯಿ ಆರಿಸುವವನಲ್ಲ. ಜೂಜು ನಿಲ್ಲಬೇಕೆಂಬ ಅರ್ಜಿಗೂ ಸಹಿ ಹಾಕಿ, ನಾಯಿಯನ್ನೂ ತನ್ನಿ. ಎರಡಕ್ಕೂ ಜಗಳವಿಲ್ಲ.

ಫೋನ್ ಮಾಡಿದಾಗ, "ನಿಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ದಿನದಿಂದ ಕಾದಿರುವ ನಾಯಿ ಯಾವುದು?" ಎಂದು ಮೊದಲು ಕೇಳಿ. ವಯಸ್ಸು, ಬಣ್ಣ ಆಮೇಲೆ. ಹಲ್ಲಿನ ಕೆಲಸ ಆಗಿದೆಯೇ, ಇತ್ತೀಚಿನ ರಕ್ತಪರೀಕ್ಷೆಯ ಪ್ರತಿ ಕೊಡುತ್ತೀರಾ, ಸಣ್ಣ ನಾಯಿಗಳ ಜೊತೆ ಹೇಗಿದೆ, ಒಂಟಿಯಾಗಿ ನಾಲ್ಕು ತಾಸು ಇರುತ್ತದೆಯೇ, ಹಳೆಯ ಮೂಳೆಮುರಿತ ಏನಾದರೂ ಇದೆಯೇ ಎಂದು ಬರೆದುಕೊಂಡೇ ಕೇಳಿ. ಮೊದಲು ಕೆಲವು ವಾರ ಪೋಷಣೆಗೆಂದು ಕೊಟ್ಟು, ಹೊಂದಿದರೆ ದತ್ತು ಬರೆದುಕೊಡುವ ವ್ಯವಸ್ಥೆ ಹಲವು ಕಡೆ ಇದೆ, ಅದನ್ನೂ ವಿಚಾರಿಸಿ. ನೋಡಲು ಹೋಗುವಾಗ ಮನೆಮಂದಿಯೆಲ್ಲ ಹೋಗಿ, ಊರಿಂದ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಕಾರಿನ ಹಿಂದಿನ ಸೀಟಿಗೆ ಒಂದು ಹಳೆಯ ರಜಾಯಿ ಹಾಸಿಕೊಂಡಿರಿ.

ಇಂತಿ ನಿಮ್ಮವ,
ಮೆಲ್ಬರ್ನಿನ ಒಬ್ಬ ಕನ್ನಡಿಗ